ಲಕಡಿ ಮೋಟರಿನಲ್ಲಿ ಔರಾದಿಗೆ

ಬೀದರ

ಗಡಿ ದಾಟದೆಯೇ ನಾನು ಮಾಡಿದ ಪರದೇಶ ಪ್ರಯಾಣ ಇದು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಂದ ಎರಡನೆಯ ಬೇಸಿಗೆ. ಭೂಪಟದಲ್ಲಿ ಎರಡೂ ಕಡೆಗೆ ಒಂದೇ ಬಣ್ಣ ಬಳಿದಾಗಿತ್ತು. ಆದರೆ ರೈಲಿನಿಂದ ಇಳಿದ ನನಗೆ ಅಂಗಡಿಗಳ ಹಲಗೆ ಓದಲು ಬರಲಿಲ್ಲ, ಹೆಚ್ಚಿನವು ಉರ್ದುವಿನಲ್ಲಿದ್ದವು. ಟಾಂಗಾದವನು ಆಡಿದ ಕನ್ನಡದಲ್ಲಿ ಅರ್ಧ ನನಗೆ ತಿಳಿಯಿತು. ನಾನು ಆಡಿದ ಮೈಸೂರಿನ ಕನ್ನಡಕ್ಕೆ ಅವನು 'ಹೌದ್ರಿ, ಹೌದ್ರಿ' ಎಂದು ತಲೆಯಾಡಿಸಿ, ಬೇರೆಯೇ ಕಡೆಗೆ ಕುದುರೆ ಹೊಡೆದುಕೊಂಡು ಹೋದ.

ಹೀಗೆ ಬರೆಯುತ್ತಿರುವ ನಾನು ಹುಟ್ಟಿದ್ದು ಅದೇ ಊರಿನಲ್ಲಿ. ಮೈಸೂರಿನವರಾದ ನನ್ನ ತಂದೆ ಯಾವ ಗಾಳಿಗೆ ಹಾರಿಕೊಂಡು ಹೋದರೋ, ನಿಜಾಮರ ಕಾಲದ ಬೀದರಿನಲ್ಲಿ ಶಾಲೆಯ ಮೇಷ್ಟರಾಗಿದ್ದರು. ತಾಯಿ ಔರಾದಿನವರು. ತಾಯಿ ತೀರಿಕೊಂಡ ಮೇಲೆ ಸೋದರತ್ತೆ ನನ್ನನ್ನು ಮೈಸೂರಿಗೆ ಕರೆತಂದು ಸಾಕಿದಳು. ತಂದೆ ಅಲ್ಲೇ ಉಳಿದು, ಕೆಲವು ವರ್ಷಗಳಲ್ಲಿ ಅಲ್ಲೇ ಹೋದರು. ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದೆ. ಯಾರು ಏನೇ ಹೇಳಿದರೂ ಅದಕ್ಕೆ ಆಧಾರವೇನು ಎಂದು ಕೇಳುವುದನ್ನು ಕಲಿತೆ. ಆ ಚಾಳಿಯಿಂದ ಯಾವ ಕೆಲಸದಲ್ಲೂ ಬಹಳ ದಿನ ನಿಲ್ಲಲಾಗಲಿಲ್ಲ. ಕಡೆಗೆ ಆ ಪ್ರಶ್ನೆ ನನ್ನ ಕಡೆಗೇ ತಿರುಗಿತು.

ತಾಯಿಯದು ಒಂದೇ ಒಂದು ನೆನಪು ನನ್ನಲ್ಲಿದೆ. ಕಟ್ಟಿಗೆಯ ಗೋಡೆಯಿರುವ ಉದ್ದನೆಯ ಮೋಟರು. ಹೊರಗೆ ಮಳೆ. ಅವಳು ಗಾಡಿಯ ಹಿಂಭಾಗದಲ್ಲಿ ಮಲಗಿದ್ದಾಳೆ, ನಾನು ಪಕ್ಕದಲ್ಲಿದ್ದೇನೆ. ಹಲಗೆಯಲ್ಲಿ ಮರದ ಒಂದು ಗಂಟಿದೆ, ಸುತ್ತ ಗೆರೆಗಳು ಸುತ್ತಿಕೊಂಡು ಕಣ್ಣಿನ ಹಾಗೆ ಕಾಣುತ್ತದೆ. ಅವಳು ನನ್ನ ಬೆರಳು ಹಿಡಿದು ಆ ಗಂಟಿನ ಮೇಲೆ ಇಡುತ್ತಾಳೆ. ಅವಳ ಕೈ ಸುಡುತ್ತಿದೆ. 'ಕಣ್ಣು ನೋಡಿಲ್ಲಿ' ಎನ್ನುತ್ತಾಳೆ. ಇಷ್ಟೇ. ಅದರಲ್ಲಿ ಅವಳ ಮುಖ ಕೂಡ ಇಲ್ಲ.

ಅತ್ತೆ ಇದನ್ನು ಒಪ್ಪುತ್ತಿರಲಿಲ್ಲ. 'ನಿಮ್ಮಮ್ಮ ಪಂಚಮಿಗೆ ತವರಿಗೆ ಹೋದಾಗ ನಿನಗೆ ದಡಾರ ಎದ್ದಿತ್ತು. ನಿಮ್ಮಪ್ಪ ನಿನ್ನನ್ನು ಬೀದರಿನಲ್ಲೇ ಇಟ್ಟುಕೊಂಡಿದ್ದ. ಅವಳಿಗೆ ಔರಾದಿನಲ್ಲಿ ಜ್ವರ ಬಂತು. ಯಾರೋ ಜಹಗೀರದಾರರ ಮೋಟರಿನಲ್ಲಿ ಬೀದರಿನ ಆಸ್ಪತ್ರೆಗೆ ತರುವಾಗ ಹೊಳೆ ತುಂಬಿತ್ತು. ದಾಟಲಾಗದೆ ದಂಡೆಯಲ್ಲೇ ಹೋದಳು. ನೀನು ಆ ಗಾಡಿಯಲ್ಲಿ ಇರಲೇ ಇಲ್ಲ. ಯಾರೋ ಹೇಳಿದ್ದನ್ನು ಕೇಳಿ ನೀನೇ ಕಟ್ಟಿಕೊಂಡಿದ್ದೀಯ,' ಎನ್ನುತ್ತಿದ್ದಳು. ಇಲ್ಲ ಎಂದು ಹೇಳಲು ನನ್ನ ಅತ್ತೆಗೆ ಎಂದೂ ಕಷ್ಟವಾಗಿದ್ದಿಲ್ಲ.

ಅವಳ ಮಾತು ನಿಜವಾದರೆ ನನಗೆ ತಾಯಿಯ ನೆನಪೆಂಬುದೇ ಇಲ್ಲ. ಇಷ್ಟು ವರ್ಷ ನಾನು ಹಿಡಿದುಕೊಂಡಿದ್ದ ಬಿಸಿಯಾದ ಕೈ ಯಾರದೂ ಅಲ್ಲ.

ಅತ್ತೆ ತೀರಿಕೊಂಡ ವರ್ಷ, ಬೀದರಿನ ಕಚೇರಿಗೆ ವರ್ಗವಾಗಿದ್ದ ನನ್ನ ಸಹಪಾಠಿ ರಾಮಸ್ವಾಮಿ ರಜೆಯಲ್ಲಿ ಬಂದಿದ್ದ. ಕಾಫಿ ಕುಡಿಯುತ್ತ, 'ಅಲ್ಲೊಬ್ಬ ಮಿಸ್ತ್ರಿ ಒಂದು ಹಳೇ ಅಮೆರಿಕನ್ ಗಾಡಿಯನ್ನು ಜೀರ್ಣೋದ್ಧಾರ ಮಾಡಿ ಮಾರಾಟಕ್ಕೆ ಇಟ್ಟಿದ್ದಾನೆ. ಹಿಂದೆ ಯಾರೋ ಜಹಗೀರದಾರರದ್ದಂತೆ. ಮೈಯೆಲ್ಲ ಕಟ್ಟಿಗೆ. ಲಕಡಿ ಮೋಟರ್ ಅಂತಾರೆ. ನೀನು ಹೇಳುತ್ತಿದ್ದದ್ದು ಅದೇ ಇರಬಹುದೇನೋ,' ಎಂದ. ಆ ವಾರವೇ ಹೊರಟೆ. ಗಂಟು ನನಗೆ ನೆನಪಿರುವ ಹಾಗೆಯೇ ಇದ್ದರೆ ನಾನು ಅಲ್ಲಿದ್ದೆ, ಇರದಿದ್ದರೆ ಇಲ್ಲ. ಇದಕ್ಕಿಂತ ಸರಳವಾದ ಪ್ರಯೋಗ ಬೇರೆ ಇರಲಾರದು ಎಂದುಕೊಂಡಿದ್ದೆ.

ಬೀದರಿನ ಹೋಟೆಲಿನಲ್ಲಿ ಕಾಫಿ ಇದೆಯೇ ಎಂದು ಕೇಳಿದೆ. 'ಅದರಿ', ಎಂದರೆ ಇದೆ, ಎಂದು ಹೇಳಿ, ಹುಡುಕಿಕೊಂಡು ಬರುವವನ ಹಾಗೆ ಒಳಗೆ ಹೋದ ಮಾಲೀಕ ಚಹಾ ತಂದು ಇಟ್ಟ. ರಾಮಸ್ವಾಮಿ ಹೇಳಿದ್ದ ಮಿಸ್ತ್ರಿ ಉಸ್ಮಾನ್ ಮಿಯಾನ ಷೆಡ್ಡು ಹತ್ತಿರವೇ ಎಂದು ಕೇಳಿದೆ. 'ಇಲ್ಲೇ ಅದರಿ.' ಕೆಂಪು ಧೂಳಿನಲ್ಲಿ ನಡೆದೂ ನಡೆದೂ ಊರೇ ಮುಗಿಯಿತು. ದಾರಿಯಲ್ಲಿ ಸಿಕ್ಕವರೆಲ್ಲ ಇಲ್ಲೇ, ಇಲ್ಲೇ ಎಂದರು. ಮೈಸೂರಿನಲ್ಲಾದರೆ ಪ್ರಶ್ನೆ ಮುಗಿಯುವ ಮೊದಲೇ 'ಇಲ್ಲ, ಗೊತ್ತಿಲ್ಲ' ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅದರಲ್ಲೂ ಒಂದು ದಯೆಯಿದೆ ಎಂದು ನನಗೆ ಅಂದು ಹೊಳೆಯಿತು.

ಬೇವಿನ ನೆರಳಿನಲ್ಲಿ ಗಾಡಿ ನಿಂತಿತ್ತು. ಮುಂದುಗಡೆ ದಪ್ಪ ಮೂತಿ, ಹಿಂದುಗಡೆ ಮನೆಯ ಪಡಸಾಲೆಯೊಂದನ್ನು ಕಿತ್ತು ಚಕ್ರದ ಮೇಲೆ ಇಟ್ಟಂತೆ ಉದ್ದನೆಯ ಕಟ್ಟಿಗೆಯ ಕೋಣೆ. ಕರಿಯ ಬಣ್ಣದಲ್ಲಿ ಮುಖ ಕಾಣುತ್ತಿತ್ತು. ಉಸ್ಮಾನ್ ಮಿಯಾ ದಪ್ಪ ಮೈಯ, ನಗುಮುಖದ ಮನುಷ್ಯ. ಗಡ್ಡಕ್ಕೆ ಮೆಹಂದಿ ಹಚ್ಚಿದ್ದ. ನಾನು ಮೈಸೂರಿನವನೆಂದು ತಿಳಿದದ್ದೇ ತನ್ನ ಕುರ್ಚಿ ಒರೆಸಿ ಕೊಟ್ಟ. ಆ ದಿನಗಳಲ್ಲಿ ಮೈಸೂರಿನಿಂದ ಬಂದವರೆಲ್ಲ ಅಲ್ಲಿನವರ ಕಣ್ಣಿಗೆ ಅಧಿಕಾರಿಗಳು. ನಾನು ಗಾಡಿ ಕೊಳ್ಳಲು ಬಂದವನೆಂದು ಅವನು ಅಂದುಕೊಂಡ. ನಾನು ತಿದ್ದಲಿಲ್ಲ.

ನೇರವಾಗಿ ಹಿಂದಿನ ಬಾಗಿಲು ತೆಗೆದು ಒಳಗೆ ಬಗ್ಗಿದೆ. ಎಡಗಡೆಯ ಹಲಗೆ ನುಣ್ಣಗಿತ್ತು. ವಾರ್ನಿಶ್ ವಾಸನೆ ಮೂಗಿಗೆ ಹೊಡೆಯಿತು. ಗಂಟಿಲ್ಲ. ಎಲ್ಲಿಯೂ ಒಂದು ಗಂಟಿಲ್ಲ.

'ಈ ಹಲಗೆ ಹಳೆಯದಾ?'

'ಹೌದ್ರಿ ಸಾಬ್, ಹಳೇದು.'

'ಹೊಸ ಮರದ ವಾಸನೆ ಬರ್ತಿದೆಯಲ್ಲ?'

'ಹೊಸದೂ ಹೌದ್ರಿ,' ಎಂದ ಉಸ್ಮಾನ್ ಮಿಯಾ, ಏನೂ ಮುಜುಗರವಿಲ್ಲದೆ. 'ಗಾಡಿ ಹಳೇದು, ಕಟ್ಟಿಗಿ ಹೊಸದು. ಕಬ್ಬಿಣ ಅಮೆರಿಕಾದ್ದು, ಲಕಡಿ ಭಾಲ್ಕಿದು. ಎರಡೂ ಕೂಡಿದ್ರ ನೋಡ್ರಿ ಹಿಂಗ ಆಗ್ತದ.'

'ಹಳೇ ಹಲಗೆಗಳು ಎಲ್ಲಿವೆ?'

'ಅವಾರಿ. ಭಾಲ್ಕ್ಯಾಗ, ಬಡಿಗ್ಯಾ ಮಾನಪ್ಪನ ಹತ್ರ. ನಡೀರಿ ಹೋಗೋಣು. ಗಾಡಿ ಹ್ಯಾಂಗ ಓಡ್ತದಂತ ನಿಮಗೂ ನೋಡಿದಂಗ ಆಗ್ತದ.'

ಭಾಲ್ಕಿಯ ದಾರಿ

ಅಮೆರಿಕದಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರಾದ್ದರಿಂದ ಆ ಗಾಡಿಯ ಸ್ಟಿಯರಿಂಗ್ ಚಕ್ರ ಎಡಗಡೆಗಿತ್ತು. ನಮ್ಮ ರಸ್ತೆಯಲ್ಲಿ ಎತ್ತಿನ ಬಂಡಿಯ ಹಿಂದೆ ಬಿದ್ದರೆ ಓಡಿಸುವವನಿಗೆ ಬಂಡಿಯ ಹಿಂಭಾಗ ಬಿಟ್ಟು ಬೇರೇನೂ ಕಾಣದು. ಬಲಗಡೆ ಕೂತವನು ಕತ್ತು ಹೊರಗೆ ಹಾಕಿ ಎದುರಿನಿಂದ ಏನೂ ಬರುತ್ತಿಲ್ಲ ಎಂದು ಹೇಳಬೇಕು, ಆಗ ಇವನು ಮುಂದೆ ಹೋಗಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

'ಹೋಗ್ಲೇನ್ರಿ ಸಾಬ್?'

ನಾನು ನೋಡಿದೆ. ದೂರದಲ್ಲಿ ಧೂಳು ಎದ್ದ ಹಾಗಿತ್ತು. ಅದು ಗಾಳಿಯೋ ಲಾರಿಯೋ ತಿಳಿಯಲಿಲ್ಲ. 'ಸ್ವಲ್ಪ ತಾಳಿ' ಎಂದೆ. ಮತ್ತೆ ಕೇಳಿದ. ಈಗ ರಸ್ತೆ ತಿರುಗುತ್ತಿತ್ತು. ತಿರುವಿನ ಆಚೆ ಏನಿದೆಯೆಂದು ಯಾರು ಹೇಳಬೇಕು? ನಾವು ಜೋಳದ ದಂಟು ಹೇರಿದ ಬಂಡಿಯ ಹಿಂದೆ ತೆವಳುತ್ತ ಹೋದೆವು. ಬಂಡಿಯವನು ಒಮ್ಮೆ ಹಿಂತಿರುಗಿ ನೋಡಿ, ಪಾಪ ಗಾಡಿ ಕೆಟ್ಟಿರಬೇಕೆಂದು, 'ಹಗ್ಗಾ ಕಟ್ಲೇನ್ರಿ?' ಎಂದು ಕೇಳಿದ.

ಉಸ್ಮಾನ್ ಮಿಯಾ ನಕ್ಕ. 'ಸಾಬ್, ನಿಮ್ಮ ಮಾತಿಗಿ ಕಾದ್ರ ಭಾಲ್ಕಿ ನಮ್ಮ ಹತ್ರ ನಡ್ಕೋತ ಬರ್ಬೇಕಾಗ್ತದ.'

ಅಲ್ಲಿ ಖಾಲಿ ಗಾಡಿ ಹೋಗುವುದು ಯಾರಿಗೂ ಸರಿಕಾಣುವುದಿಲ್ಲ. ಕೈ ಎತ್ತಿದವರಿಗೆಲ್ಲ ಅವನು ನಿಲ್ಲಿಸಿದ. ಒಬ್ಬಳು ಮುದುಕಿ ಹತ್ತಿದಳು, ಅವಳ ಹಿಂದೆ ಬುಟ್ಟಿಯಲ್ಲಿ ಕೋಳಿ, ಮದುವೆಗೆ ಹೊರಟಿದ್ದ ಒಂದು ಸಂಸಾರ. ಸಾಯಗಾಂವಕ್ಕೆ ಹೋಗಬೇಕೆಂದು ಒಬ್ಬ ಕೇಳಿದ. ನಾವು ಆ ಕಡೆಗೆ ಹೋಗುವವರಲ್ಲ. ಉಸ್ಮಾನ್ ಮಿಯಾ 'ಬರ್ರಿ ಬರ್ರಿ' ಎಂದು ಹತ್ತಿಸಿಕೊಂಡು, ಒಂದು ಕವಲಿನಲ್ಲಿ ಇಳಿಸಿ, ಇಲ್ಲಿಂದ ಇನ್ನೇನು ಬಂತು ಎಂದ. ಆ ಮನುಷ್ಯ ಸಂತೋಷದಿಂದ ಇಳಿದು ಕೈಮುಗಿದು ನಡೆಯತೊಡಗಿದ.

'ಆ ಕಡೆ ಹೋಗೋದಿಲ್ಲ ಅಂತ ಮೊದಲೇ ಹೇಳಬಹುದಿತ್ತಲ್ಲ?'

'ಹ್ಯಾಂಗ ಹೇಳೋದ್ರಿ? ಬಂದವರ ಮಾರಿ ಮ್ಯಾಲ ಇಲ್ಲ ಅಂದ್ರ ಮನಿ ಬರಕತ್ ಹೋಗ್ತದ. ನಮ್ಮಪ್ಪ ಹೇಳ್ತಿದ್ದ, ಕೊಡ್ಲಿಕ್ಕೆ ಏನೂ ಇಲ್ದಾಗ ಹೂಂ ಅನ್ನೋದರ ಕೊಡು ಅಂತ. ಅದಕ್ಕೇನು ಖರ್ಚು ಹತ್ತೂದಿಲ್ಲಲ್ರಿ.'

ಹಿಂದೆ ಕೂತಿದ್ದ ಮುದುಕಿ, 'ಖರೇ ಮಾತು' ಎಂದಳು.

ಭಾಲ್ಕಿ

ಬಡಿಗ ಮಾನಪ್ಪ ನೊಗವೊಂದನ್ನು ಕೆತ್ತುತ್ತಿದ್ದವನು ಉಳಿ ಕೆಳಗಿಟ್ಟು, ತಾನು ಮಾಡಿದ ಕಟ್ಟಿಗೆಯ ಕೋಣೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಗಂಡನ ಮನೆಯಿಂದ ಬಂದ ಮಗಳನ್ನು ನೋಡುವಂತೆ ನೋಡಿದ. ಸ್ವಲ್ಪ ತೆಳ್ಳಗಾಗಿದ್ದಾಳೆ ಎಂಬಂತೆ ಒಂದು ಮೂಲೆಯನ್ನು ಸವರಿದ.

ಹಳೆಯ ಹಲಗೆಗಳಿಗೆ ಹುಳು ಹಿಡಿದಿತ್ತೇ ಎಂದು ಕೇಳಿದೆ. 'ಹಿಡಿದಿತ್ರಿ ಸಾಹೇಬ್ರ' ಎಂದ. ಇಡೀ ದಾರಿ ಕಲಿತ ಪಾಠ ನೆನಪಾಗಿ ಪ್ರಶ್ನೆಯನ್ನು ಬೇರೆ ಮಾಡಿ ಕೇಳಿದೆ: ಹಲಗೆಗಳನ್ನು ಯಾಕೆ ಬದಲಾಯಿಸಿದಿರಿ?

ಮಾನಪ್ಪ ಉಸ್ಮಾನ್ ಮಿಯಾನ ಮುಖ ನೋಡಿದ. ಉಸ್ಮಾನ್ ಮಿಯಾ ಆಕಾಶ ನೋಡಿದ.

'ಗಟ್ಟಿ ಇದ್ವುರಿ ಹಲಗಿ,' ಎಂದ ಮಾನಪ್ಪ ಕಡೆಗೆ. 'ಇನ್ನೂ ಎರಡು ತಲಿಮಾರು ಬರ್ತಿದ್ವು. ಆದ್ರ ಅದರಾಗ ಒಂದು ಹೆಣ್ಮಗಳು ಜೀವಾ ಬಿಟ್ಟಾಳಂತ್ರಿ, ಭಾಳ ವರ್ಷದ ಹಿಂದ. ಕಬ್ಬಿಣಕ್ಕ ಮೈಲಿಗಿ ಇಲ್ರಿ, ತೊಳದ್ರ ಹೋಗ್ತದ. ಕಟ್ಟಿಗಿ ಹಂಗಲ್ಲ, ಮಡಿಕಿ ಇದ್ದಂಗ. ಒಳಗ ಇಟ್ಕೋತದ. ತಗೊಳ್ಳೋವ್ರು ಯಾರರೆ ಮಕ್ಕಳು ಮರಿ ಕೂಡ್ಸಿಕೊಂಡು ಹೋಗೋವ್ರು. ಅವರಿಗಿ ಅಂಥಾದು ಹ್ಯಾಂಗ ಕೊಡೋದು? ಅದಕ್ಕ ಎಲ್ಲಾ ತಗದು ಹೊಸ ಸಾಗವಾನಿ ಹಾಕೀವಿ.'

'ನಿಮ್ಮ ಒಳ್ಳೇದಕ್ಕರಿ ಸಾಬ್,' ಎಂದ ಉಸ್ಮಾನ್ ಮಿಯಾ.

ಅವರು ನನಗೆ ಮೋಸ ಮಾಡಲಿಲ್ಲ. ಯಾವುದೋ ಊರಿನ ಯಾರೋ ಕೊಳ್ಳುವವನ ಮಕ್ಕಳಿಗೆ ಕೆಡುಕಾಗಬಾರದೆಂದು, ಗಟ್ಟಿಮುಟ್ಟಾದ ಹಲಗೆಗಳನ್ನು ಕಿತ್ತು ತೆಗೆದಿದ್ದರು. ಇಡೀ ಗಾಡಿಯಲ್ಲಿ ನನಗೆ ಬೇಕಾದದ್ದು ಆ ಮೈಲಿಗೆಯೊಂದೇ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಜೋಪಾನವಾಗಿ ಉಳಿಸಿದ್ದರು.

ಆ ಹೆಣ್ಣುಮಗಳು ನನ್ನ ತಾಯಿ ಎಂದೆ. ಮಾನಪ್ಪ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ನನ್ನ ಕೈಗಿಟ್ಟ.

'ಹಲಗಿ ಇಲ್ಲಿ ಇಟ್ಕೊಂಡಿಲ್ರಿ' ಎಂದ. ಆ ಪ್ರಯಾಣದಲ್ಲಿ ನಾನು ಹುಡುಕಿ ಬಂದದ್ದಕ್ಕೆ ಅಲ್ಲಿಯವರ ಬಾಯಿಂದ ಸಿಕ್ಕಿದ ಮೊದಲ 'ಇಲ್ಲ' ಅದು. 'ಸುಡಬೇಕಂತ ಇದ್ದೆ. ಔರಾದಿನ ಗುರಮ್ಮಾಯಿ ಬಂದು ತನಗ ಬೇಕಂತ ಬಂಡಿ ಮ್ಯಾಲ ಹೇರ್ಕೊಂಡು ಹೋದಳು. ಗಾಡಿ ಮೊದಲು ಅಕಿ ಅಂಗಳದಾಗೇ ನಿಂತಿತ್ತಲ್ರಿ.'

ಮಾಂಜ್ರಾ ಹೊಳೆ

ಭಾಲ್ಕಿಯಿಂದ ಔರಾದಿಗೆ ಹೋಗುವಾಗ ಮಾಂಜ್ರಾ ಅಡ್ಡ ಬರುತ್ತದೆ. ಬೇಸಿಗೆಯ ಹೊಳೆ, ಮರಳಿನ ನಡುವೆ ನಾಲ್ಕು ಕಡೆ ನೀರು ಮಿನುಗುತ್ತಿತ್ತು. ಎಮ್ಮೆಗಳು ಮಲಗಿದ್ದವು. ಇಷ್ಟು ನೀರು ಒಬ್ಬಳನ್ನು ದಂಡೆಯಲ್ಲೇ ನಿಲ್ಲಿಸಿತು ಎಂದರೆ ನಂಬಲಾಗದು. ನನ್ನ ತಾಯಿ ನಿಂತ ದಂಡೆ ಇದಲ್ಲ, ಬೀದರಿಗೆ ನೇರ ಹೋಗುವ ದಾರಿಯದು ಇನ್ನೂ ಕೆಳಗಿದೆ ಎಂದು ಉಸ್ಮಾನ್ ಮಿಯಾ ಹೇಳಿದ. ಇದೇ ಅಲ್ಲವೇ ಎಂದು ನಾನು ಕೇಳಿದ ಮೇಲೆ, ಇದೂ ಇರಬಹುದು ಎಂದ.

ಗಾಡಿ ನಿಲ್ಲಿಸಲು ಹೇಳಿ, ಹಿಂದೆ ಹೋಗಿ ಹಲಗೆಗಳ ನಡುವೆ ಉದ್ದಕ್ಕೆ ಮಲಗಿದೆ. ಕಣ್ಣು ಮುಚ್ಚಿದೆ. ಮಳೆಯನ್ನು ನೆನೆಯಲು ನೋಡಿದೆ. ಬಂದದ್ದು ವಾರ್ನಿಶ್ ವಾಸನೆ, ಮುದುಕಿ ಬಿಟ್ಟುಹೋದ ಕೋಳಿಯ ಪುಕ್ಕ, ಮತ್ತು ಎಮ್ಮೆಯ ಕೆಮ್ಮು. ಬಿಸಿಯಾದ ಕೈ ಬಂತು, ಆದರೆ ಅದು ನಾನು ಮೈಸೂರಿನ ನನ್ನ ಕೋಣೆಯಲ್ಲಿ ಎಷ್ಟೋ ಸಲ ಬರಿಸಿಕೊಂಡಿದ್ದ ಅದೇ ಕೈ. ಬಳಸಿ ಬಳಸಿ ನುಣ್ಣಗಾಗಿತ್ತು, ಆ ಹೊಸ ಸಾಗವಾನಿಯ ಹಾಗೆ. ನೆನಪನ್ನು ಪದೇ ಪದೇ ತೆಗೆದು ನೋಡುವವನು ಪ್ರತಿ ಸಲವೂ ಒಂದು ಹಲಗೆ ಬದಲಾಯಿಸುತ್ತಾನೋ ಏನೋ. ಕಡೆಗೆ ಹಳೆಯದು ಯಾವುದು ಉಳಿದಿರುತ್ತದೆ?

'ಸಾಬ್, ಆರಾಮ ಇಲ್ಲೇನ್ರಿ?' ಉಸ್ಮಾನ್ ಮಿಯಾ ಹಿಂದಿನ ಬಾಗಿಲಲ್ಲಿ ನಿಂತಿದ್ದ.

'ಆರಾಮಾಗಿದ್ದೀನಿ' ಎಂದೆ.

'ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಹಂಗ ಮಲಗಬ್ಯಾಡ್ರಿ ಗಾಡ್ಯಾಗ. ಈಗರೆ ಹೊಸಾ ಲಕಡಿ ಹಾಕ್ಸೀನಿ.'

ಔರಾದ

ರೈಲು ಕಾಣದ ಊರು ಔರಾದ. ಬಸ್ಸು ಬಂದಾಗ ಊರು ಎಚ್ಚರವಾಗುತ್ತದೆ, ಹೋದಾಗ ಮತ್ತೆ ಮಲಗುತ್ತದೆ. ಲಕಡಿ ಮೋಟರು ಹೊಕ್ಕಾಗ ಬಸ್ಸಿಗಿಂತ ಹೆಚ್ಚು ಜನ ಎದ್ದರು. 'ಜಹಗೀರದಾರಂದು ತಿರುಗಿ ಬಂತಲ್ಲೋ' ಎಂದು ಕಟ್ಟೆಯ ಮೇಲಿನ ಒಬ್ಬ ಮುದುಕ ಎದ್ದು ನಿಂತ. ಒಳಗೆ ಜಹಗೀರದಾರ ಕಾಣದೆ ಮತ್ತೆ ಕೂತ.

ನನ್ನ ತಾಯಿಯ ತವರಿನವರು ಈಗ ಅಲ್ಲಿ ಯಾರೂ ಇರಲಿಲ್ಲ. ಮನೆ ಇದ್ದ ಜಾಗದಲ್ಲಿ ಹೊಗೆಸೊಪ್ಪಿನ ಮಂಡಿಯಿತ್ತು. ಅದರ ಪಕ್ಕದ ಮನೆ ಗುರಮ್ಮಾಯಿಯದು. ಕುರಿ ಸಾಕಿಕೊಂಡು, ನಾಲ್ಕು ಎಕರೆ ಕರಿನೆಲ ಮಾಡಿಸಿಕೊಂಡು ಇದ್ದವಳು. ಬಿಳಿಯ ಕೂದಲು, ದೊಡ್ಡ ಮೂಗುಬೊಟ್ಟು, ಇಡೀ ಬೀದಿಗೆ ಕೇಳುವ ದನಿ.

ಅಂಗಳ ದಾಟುವ ಮೊದಲೇ ನನಗೆ ಹಲಗೆ ಕಂಡಿತು. ಕುರಿದೊಡ್ಡಿಗೆ ಬಾಗಿಲಾಗಿತ್ತು. ಬಿಸಿಲು ಮಳೆಗೆ ಬೂದಿ ಬಣ್ಣ ತಿರುಗಿದ ಹಲಗೆಗಳನ್ನು ಅಡ್ಡಪಟ್ಟಿ ಹೊಡೆದು ಕೂಡಿಸಿದ್ದರು. ಮೊಣಕಾಲೂರಿ ಕೂತು ಒಂದೊಂದನ್ನೂ ಕೈಯಿಂದ ಸವರುತ್ತ ಹೋದೆ. ಕೆಳಗಿನ ತಿರುಗಣಿಯ ಹತ್ತಿರ ಅದು ಇತ್ತು. ಸುತ್ತ ಗೆರೆ ಸುತ್ತಿದ ಗಂಟು, ನಡುವೆ ಸಣ್ಣ ಕುಳಿ, ಕಣ್ಣು. ನಾನು ನೆನೆಸಿಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಅಷ್ಟು ಬಿಟ್ಟರೆ ಗೆರೆಗೆ ಗೆರೆ ಅದೇ. ಬೆರಳು ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು. ಒಳಗಿನಿಂದ ಒಂದು ಕುರಿ ಸಂದಿಯಲ್ಲಿ ಮೂತಿ ತೂರಿಸಿ ನನ್ನ ಮಣಿಕಟ್ಟು ನೆಕ್ಕಿತು.

'ಸಾಬ್, ಗಾಡಿ ಬಿಟ್ಟು ಬಾಗಲಾ ತಗೋತೀರೇನು?' ಎಂದ ಉಸ್ಮಾನ್ ಮಿಯಾ.

ಗುರಮ್ಮಾಯಿ ನೀರು, ಬೆಲ್ಲ ತಂದಳು. ನಾನು ತಾಯಿಯ ಹೆಸರು ಹೇಳಿದೆ. ಅವಳು ಹತ್ತಿರ ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

'ಶಾಂತಾನ ಮಗಾ ಏನು ನೀ? ಮೈಸೂರಿಗಿ ಒಯ್ದಿದ್ರಲ್ಲ, ಅವನೇ? ಹೌದು, ಆ ಕಣ್ಣಾಗೇ ಬಟ್ಟು ಇಟ್ಕೊಂಡು ಕೂತೀದಿ ನೋಡು. ಆಗೂ ಹಂಗೇ ಕೂಡ್ತಿದ್ದಿ.'

'ಆಗ ಅಂದರೆ?'

'ಶಾಂತಾ ಹೋದ ಮ್ಯಾಲ. ಜಹಗೀರದಾರ ಆ ಮೋಟರ್‌ನ್ಯಾಗ ಮತ್ತ ಕೂಡ್ಲೇ ಇಲ್ಲ. ಇಲ್ಲೇ ನಮ್ಮ ಬೇವಿನ ಗಿಡದ ಬುಡಕ ಬಿಟ್ಟು ಹೋದ. ನಿಮ್ಮಪ್ಪ ನಿನ್ನ ತಂದು ನಿಮ್ಮಜ್ಜಿ ಹತ್ರ ಬಿಟ್ಟಿದ್ದ, ಮರುವರ್ಷ ನಿಮ್ಮತ್ತಿ ಬಂದು ಒಯ್ಯೋತನ. ಅಲ್ಲಿತನ ನಿನಗ ಊಟಾ ಆಟಾ ಎಲ್ಲಾ ಅದರಾಗೇ. ಓಣಿ ಹುಡುಗ್ರೆಲ್ಲಾ ಅದರಾಗೇ. ಆ ಗಂಟಿಗಿ ಕಣ್ಣು ಕಣ್ಣು ಅಂತಿದ್ರಿ.'

ಒಂದು ವರ್ಷ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಬೇವಿನ ಮರವಾಗಲಿ ಅಜ್ಜಿಯಾಗಲಿ ನನಗೆ ಒಂದಿಷ್ಟೂ ನೆನಪಿಲ್ಲ. ಆದರೆ ಹಲಗೆ ಸಿಕ್ಕೂ ಸಾಕ್ಷಿ ಹೋಗಿತ್ತು. ಆ ಗಂಟನ್ನು ನಾನು ತಾಯಿಯ ಪಕ್ಕದಲ್ಲಿ ಕೂತು ನೋಡಿರಬಹುದು. ತಾಯಿ ಸತ್ತ ಮೇಲೆ, ಬೇವಿನ ಬುಡದಲ್ಲಿ, ಖಾಲಿ ಗಾಡಿಯಲ್ಲಿ ಕೂತು, ಅವಳ ಬಿಸಿ ಕೈಯನ್ನು ನಾನೇ ತಂದು ನನ್ನ ಕೈಯ ಮೇಲೆ ಇಟ್ಟುಕೊಂಡಿರಬಹುದು. ಎರಡಕ್ಕೂ ಹಲಗೆ ಅದೇ.

ಇನ್ನು ಉಳಿದದ್ದು ಗುರಮ್ಮಾಯಿಯ ಬಾಯಿಯ ಮಾತೊಂದೇ. ಕೇಳಿದೆ. 'ಆಯಿ, ನನ್ನ ತಾಯಿಯನ್ನ ಗಾಡಿಯಲ್ಲಿ ಒಯ್ದಾಗ ನಾನು ಅದರಲ್ಲಿ ಇದ್ದೆನಾ?'

ಅವಳು ನನ್ನ ಮುಖವನ್ನೇ ನೋಡಿದಳು. 'ಇದ್ದಿ ಯಪ್ಪಾ. ಹ್ಯಾಂಗ ಇರಲ್ದೆ ಇರ್ತಿ? ನಾನೇ ಎತ್ತಿ ಕೂಡ್ಸೀನಿ. ಅಕಿ ಬಾಜೂಕ ಕೂತಿದ್ದಿ. ಅಳಲಿಲ್ಲ, ಏನಿಲ್ಲ. ಅಕಿ ನಿನ್ನ ಕೈ ಹಿಡ್ಕೊಂಡೇ ಇದ್ದಳು.'

ಅಲ್ಲಿಗೆ ನಿಲ್ಲಿಸಿ ಎದ್ದು ಬಂದಿದ್ದರೆ ಆಗುತ್ತಿತ್ತು. ಬೆಲ್ಲ ಬಾಯಲ್ಲಿತ್ತು, ಕುರಿ ಮಣಿಕಟ್ಟು ನೆಕ್ಕುತ್ತಿತ್ತು, ಬೇಕಾದ ಮಾತು ಕಿವಿಗೆ ಬಿದ್ದಿತ್ತು. ಆದರೆ ಬೆಳಗಿನಿಂದ ಕೇಳಿದ ಎಲ್ಲ 'ಹೌದ್ರಿ'ಗಳೂ ಒಟ್ಟಿಗೆ ನನ್ನ ಕಿವಿಯಲ್ಲಿ ಎದ್ದವು. ಕಾಫಿ ಅದರಿ. ಇಲ್ಲೇ ಅದರಿ. ಹಳೇದೂ ಹೌದ್ರಿ, ಹೊಸದೂ ಹೌದ್ರಿ.

'ನಮ್ಮಣ್ಣ? ಅವನೂ ಇದ್ದನಾ?' ಎಂದು ಕೇಳಿಬಿಟ್ಟೆ.

ನನಗೆ ಅಣ್ಣನಿಲ್ಲ. ತಮ್ಮನಿಲ್ಲ, ಅಕ್ಕ ತಂಗಿಯರಿಲ್ಲ. ನನ್ನ ತಂದೆತಾಯಿಗೆ ನಾನೊಬ್ಬನೇ.

ಗುರಮ್ಮಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. 'ಅಂವನೂ ಇದ್ದ' ಎಂದಳು. 'ನಿನ್ನ ಹಿಂದೇ ಹತ್ತಿದ. ದೊಡ್ಡಂವ ಅಲ್ಲೇನು, ನಿನ್ನ ಹೆಗಲ ಮ್ಯಾಲ ಕೈ ಇಟ್ಕೊಂಡು ಕೂತಿದ್ದ.'

ಉಸ್ಮಾನ್ ಮಿಯಾ ಕೈಯಲ್ಲಿದ್ದ ನೀರಿನ ಲೋಟವನ್ನೇ ನೋಡುತ್ತಿದ್ದ.

'ಈಗ ಹ್ಯಾಂಗ ಅದಾನ ಅಂವಾ?'

ತರ್ಕ ಓದಿದವನು ಇಲ್ಲಿ ಎದ್ದು ನಿಂತು ನಿಜ ಹೇಳಬೇಕಾಗಿತ್ತು. ಅವಳ ಮುಖ ನೋಡಿದೆ. 'ಚೆನ್ನಾಗಿದ್ದಾನೆ' ಎಂದೆ.

'ಮದಿವಿ ಆಗೇದೇನು?'

'ಆಗಿದೆ.'

'ಭಾಳ ಛಲೊ ಆತು. ಮುಂದಿನ ಸಲ ಬರೋವಾಗ ಕರ್ಕೊಂಡು ಬಾ. ಒಬ್ಬನೇ ಬರಬ್ಯಾಡ.'

'ಕರ್ಕೊಂಡು ಬರ್ತೀನಿ.'

ಹೊರಡುವಾಗ ಅವಳು ಎರಡು ಬುತ್ತಿ ಕಟ್ಟಿ ಕೊಟ್ಟಳು. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿಪುಡಿ. ಒಂದು ನನಗೆ. ಇನ್ನೊಂದು ಅಣ್ಣನಿಗೆ.

ಮರಳಿ ಬೀದರ

ಎರಡು ಬುತ್ತಿಗಂಟುಗಳೂ ನನ್ನ ತೊಡೆಯ ಮೇಲಿದ್ದವು.

'ಮಿಯಾ, ನನಗೆ ಅಣ್ಣ ಇಲ್ಲ' ಎಂದೆ.

'ನೀವು ಕೇಳ್ದಾಗೇ ಗೊತ್ತಾತ್ರಿ.'

'ಅವಳಿಗೆ?'

'ಅಕಿಗೂ ಗೊತ್ತಿರ್ಬೇಕು. ವರ್ಷಗಟ್ಲೆ ಬಾಜೂ ಮನ್ಯಾಗ ಇದ್ದಾಕಿ.' ಚಕ್ರ ತಿರುಗಿಸಿ ಒಂದು ಗುಂಡಿ ತಪ್ಪಿಸಿದ. 'ತಾಯಿ ಸಾಯೋವಾಗ ಒಬ್ಬನೇ ಕೂತಿದ್ದಿ ಅಂತ ಹ್ಯಾಂಗ ಹೇಳ್ಬೇಕ್ರಿ? ನೀವು ಜೋಡಿಗಿ ಒಬ್ಬನ ಕೇಳಿದ್ರಿ. ಅಕಿ ಕೊಟ್ಟಳು.'

'ಹಾಗಾದರೆ ನಿಮ್ಮ ಕಡೆ ಯಾರ ಮಾತನ್ನು ನಂಬಬೇಕು?'

'ನಮಗ ತಿಳೀತದರಿ. ಯಾವ ಹೂಂ ಖರೇದು, ಯಾವ ಹೂಂ ಮರ್ಯಾದಿದು ಅಂತ. ದನಿಮ್ಯಾಲೇ ತಿಳೀತದ. ಹೊರಗಿನವರಿಗಿ ತಿಳ್ಯಂಗಿಲ್ಲ.'

ನಾನು ಅವನ ಕಡೆಗೆ ತಿರುಗಿ ಕೂತೆ. ಇಡೀ ಜಿಲ್ಲೆಯಲ್ಲಿ ನನಗೆ ಬೇಕಾದದ್ದನ್ನು ಕೇಳಿ ತೂಗಬಲ್ಲ ಮನುಷ್ಯ ಪಕ್ಕದಲ್ಲೇ ಕೂತಿದ್ದ. ನೀರಿನ ಲೋಟ ಹಿಡಿದು ಅಲ್ಲೇ ಇದ್ದವನು.

'ಮೊದಲನೆಯದು? ನಾನು ಗಾಡಿಯಲ್ಲಿ ಇದ್ದೆ ಅಂದಳಲ್ಲ, ಅದು ಯಾವ ಹೂಂ?'

ಮುಂದೆ ಒಂದು ಬಂಡಿ ಇತ್ತು. ಅವನು ದಾರಿ ಕೇಳಲಿಲ್ಲ, ನಾನು ಹೇಳಲಿಲ್ಲ. ಬಂಡಿಯ ಹಿಂದೆಯೇ ನಿಧಾನಕ್ಕೆ ಹೋದೆವು. ಅವನು ಒಮ್ಮೆ ನನ್ನ ಮುಖ ನೋಡಿದ, ಗುರಮ್ಮಾಯಿ ನೋಡಿದ ಹಾಗೆಯೇ.

'ಅದು ಖರೇದರಿ ಸಾಬ್' ಎಂದ.

ಬೀದರಿನ ಷೆಡ್ಡಿನ ಮುಂದೆ ಇಳಿದಾಗ ಗಾಡಿ ಪಸಂದ ಬಂತೇ ಎಂದು ಕೇಳಿದ. ಬಹಳ ಹಿಡಿಸಿತು, ಮೈಸೂರಿಗೆ ಹೋಗಿ ತಿಳಿಸುತ್ತೇನೆ ಎಂದೆ. ಅವನು ಬಾಯ್ತುಂಬ ನಕ್ಕ. 'ಈಗ ನೋಡ್ರಿ ನಮ್ಮವರಾದ್ರಿ' ಎಂದ. ಬಟ್ಟೆ ತೆಗೆದುಕೊಂಡು, ಮುಂದಿನ ಗಿರಾಕಿಗಾಗಿ ಹಲಗೆಗಳ ಮೇಲಿನ ಔರಾದಿನ ಧೂಳನ್ನು ಒರೆಸತೊಡಗಿದ.

ರೈಲಿನಲ್ಲಿ ಒಂದು ಬುತ್ತಿ ಬಿಚ್ಚಿ ತಿಂದೆ. ಇನ್ನೊಂದನ್ನು ಪಕ್ಕದಲ್ಲಿ ಇಟ್ಟೆ. ಪಂಚೆ ಉಟ್ಟು ರುಮಾಲು ಸುತ್ತಿದ್ದ ಒಬ್ಬ ಯಜಮಾನರು ಕೂರಲು ಜಾಗ ನೋಡುತ್ತ ಬಂದು, ಇದು ಯಾರದು ಎಂದು ಕೇಳಿದರು.

'ನಮ್ಮಣ್ಣನದು' ಎಂದೆ.

'ಬರ್ತಾರೇನ್ರಿ?'

'ಬರ್ತಾನೆ.'

ಅವರು ಎದುರಿನ ಸಾಲಿನಲ್ಲಿ ಇಕ್ಕಟ್ಟು ಮಾಡಿಕೊಂಡು ಕೂತರು. ಮುಂದಿನ ನಿಲ್ದಾಣಗಳಲ್ಲಿ ಹತ್ತಿದವರಿಗೆಲ್ಲ, 'ಅಲ್ಲಿ ಕೂಡಬ್ಯಾಡ್ರಿ, ಅವರ ಅಣ್ಣ ಬರೋವ್ರದಾರ' ಎಂದು ಅವರೇ ಹೇಳುತ್ತಿದ್ದರು. ಜನ ನಿಂತುಕೊಂಡೇ ಹೋದರು. ಯಾರೂ ಆ ಜಾಗ ಮುಟ್ಟಲಿಲ್ಲ.